ಗ್ರಂಥಾಲಯಗಳ ಕ್ಯಾಟಲಾಗ್ ಜೋಡಿಸಿ ಪುಸ್ತಕ ಹಂಚಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹತ್ತು ಗ್ರಂಥಾಲಯಗಳ ಪುಸ್ತಕಗಳನ್ನು ಒಂದೇ ಪರದೆಯಲ್ಲಿ ಹುಡುಕುವಂತೆ ಮಾಡುವುದು ಈಗ ದೊಡ್ಡ ವಿಷಯವೇನಲ್ಲ. ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಎಲ್ಲರೂ ಒಪ್ಪಿದ ಮಾನದಂಡಗಳೂ ಇವೆ. ತೊಡಕು ಶುರುವಾಗುವುದು ಆಮೇಲೆ. ಇಲ್ಲಿನ ಓದುಗರು ಅಲ್ಲಿನ ಪುಸ್ತಕವನ್ನು ಪರದೆಯಲ್ಲಿ ನೋಡಿದರು, ಸರಿ. ಅದು ಅವರ ಕೈಗೆ ಬಂತಾ?

ಗ್ರಂಥಾಲಯಗಳ ಸಹಕಾರಿ ಕೂಟವಾದ ಓಸಿಎಲ್‌ಸಿ ಸಂಸ್ಥೆ ನಡೆದು ಬಂದ ದಾರಿಯಲ್ಲೇ ಈ ಅಂತರ ಕಾಣುತ್ತದೆ. 1967ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಕಾಲೇಜುಗಳು ಸೇರಿ ಅದನ್ನು ಕಟ್ಟಿದವು. 1971ರಲ್ಲಿ ಆನ್‌ಲೈನ್ ಕ್ಯಾಟಲಾಗಿಂಗ್ ಶುರುವಾಯಿತು. ಅದರ ಮೂಲಕ ಒಂದು ಗ್ರಂಥಾಲಯ ಇನ್ನೊಂದರಿಂದ ಎರವಲು ಕೇಳುವ ವ್ಯವಸ್ಥೆ ಬಂದದ್ದು 1979ರಲ್ಲಿ. ಪಟ್ಟಿ ಹಂಚಿಕೊಂಡ ಎಂಟು ವರ್ಷಗಳ ಮೇಲೆ! ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಆದರೆ ಒಂದು ಅಭ್ಯಾಸ ಬೇಕು. ಕೆಳಗಿನ ಪ್ರತಿ ಹಂತದಲ್ಲೂ "ಇದರಿಂದ ಪುಸ್ತಕ ಕಪಾಟಿನಿಂದ ಕದಲುತ್ತದಾ?" ಎಂದು ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಆ ಕೆಲಸವನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹಂತ 1: ಕಂಪ್ಯೂಟರ್ ಮುಟ್ಟುವ ಮೊದಲು

ಸೇರಲಿರುವ ಪ್ರತಿ ಗ್ರಂಥಾಲಯದಿಂದ ಒಂದು ಪುಟದ ಮಾಹಿತಿ ತರಿಸಿ. ಯಾವ ಸಾಫ್ಟ್‌ವೇರ್, ಅದರ ಯಾವ ಆವೃತ್ತಿ, ಎಷ್ಟು ರೆಕಾರ್ಡ್ (ಒಂದು ಪುಸ್ತಕದ ವಿವರಗಳ ದಾಖಲೆ), ಎಷ್ಟು ಪ್ರತಿ, ರೆಕಾರ್ಡ್ ಗ್ರಂಥಾಲಯಗಳು ಬಳಸುವ ಮಾರ್ಕ್ 21 ಎಂಬ ಮಾನದಂಡದ ರೂಪದಲ್ಲಿದೆಯೇ ಅಥವಾ ಎಕ್ಸೆಲ್ ಹಾಳೆಯಲ್ಲಿದೆಯೇ, ಸರ್ವರ್ ತಮ್ಮದೇ ಕಟ್ಟಡದಲ್ಲಿದೆಯೇ, ಪಾಸ್‌ವರ್ಡ್ ಯಾರ ಹತ್ತಿರ ಇದೆ. ಕೊನೆಯ ಪ್ರಶ್ನೆ ತಮಾಷೆಗೆ ಕೇಳಿದ್ದಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟವರು ಬಿಟ್ಟುಹೋಗಿ, ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಗ್ರಂಥಾಲಯಗಳು ಬೇಕಾದಷ್ಟಿವೆ.

ಇದೇ ಹೊತ್ತಿಗೆ ಒಪ್ಪಂದವನ್ನೂ ಬರೆಯಿರಿ. ಸಾಮಾನ್ಯವಾಗಿ ಇದನ್ನು ಕೊನೆಗೆ ಬಿಡುತ್ತಾರೆ. ನನ್ನ ಪ್ರಕಾರ ಇದೇ ಮೊದಲ ಕೆಲಸ. ಯಾಕೆಂದರೆ ಯಾವ ಪುಸ್ತಕ ಕೊಡುವುದಿಲ್ಲ ಎಂದು ಇಲ್ಲಿ ತೀರ್ಮಾನವಾದರೆ, ಅದನ್ನು ಡೇಟಾದಲ್ಲಿ ಹೇಗೆ ಗುರುತಿಸಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಎರಡು ಪುಟ ಸಾಕು. ಯಾವುದು ಹೊರಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ: ಆಕರ ಗ್ರಂಥ, ಅಪರೂಪದ ಪ್ರತಿ, ಈಗಷ್ಟೇ ಬಂದ ಪುಸ್ತಕ. ಎಷ್ಟು ದಿನಕ್ಕೆ ಕೊಡುತ್ತೀರಿ, ದಾರಿಯಲ್ಲಿ ಕಳೆಯುವ ದಿನ ಅದರಲ್ಲಿ ಸೇರುತ್ತದೆಯೇ, ನವೀಕರಣ ಉಂಟೇ. ಸಾಗಣೆ ಖರ್ಚು ಯಾರದು. ಕಳೆದುಹೋದರೆ ಬೆಲೆ ಕೊಡಬೇಕೇ, ಅದೇ ಪುಸ್ತಕ ತಂದುಕೊಡಬೇಕೇ. ಕೋರಿಕೆ ಬಂದ ಎಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಈ ಕೊನೆಯದನ್ನು ಬರೆಯಲು ಮರೆತರೆ ಕೋರಿಕೆಗಳು ಯಾರದೋ ಇಮೇಲ್‌ನಲ್ಲಿ ಸುಮ್ನೆ ಕೂತಿರುತ್ತವೆ.

ಇ-ಪುಸ್ತಕ, ಇ-ಜರ್ನಲ್‌ಗಳ ಲೆಕ್ಕ ಬೇರೆ. ಅಚ್ಚಾದ ಪುಸ್ತಕ ನಿಮ್ಮ ಆಸ್ತಿ. ಇ-ಪುಸ್ತಕಕ್ಕೆ ನಿಮ್ಮಲ್ಲಿರುವುದು ಬರೀ ಪರವಾನಗಿ. ಅದರಲ್ಲಿ ಬೇರೆ ಗ್ರಂಥಾಲಯಕ್ಕೆ ಕೊಡಬಹುದು ಎಂದು ಬರೆದಿದ್ದರೆ ಮಾತ್ರ ಕೊಡಬಹುದು. ಲೇಖನದ ಪ್ರತಿ ಕಳಿಸುವುದಕ್ಕೂ ಪರವಾನಗಿ, ಹಕ್ಕುಸ್ವಾಮ್ಯ ಎರಡನ್ನೂ ನೋಡಬೇಕು. ಎರವಲು ಕೊಡಲಾಗದ ಇ-ಪುಸ್ತಕಗಳನ್ನು ಜಂಟಿ ಹುಡುಕಾಟದಿಂದ ಹೊರಗಿಡುವುದು ವಾಸಿ. ಕಂಡೂ ಸಿಗದ ಸಾಲುಗಳು ಜಾಸ್ತಿಯಾದಷ್ಟೂ ಓದುಗರ ನಂಬಿಕೆ ಕಡಿಮೆಯಾಗುತ್ತದೆ.

ಇನ್ನೊಂದು ಚಿಕ್ಕ ಕೆಲಸ. ಪ್ರತಿ ಗ್ರಂಥಾಲಯಕ್ಕೂ ಬದಲಾಗದ ಒಂದು ಕೋಡ್ ಕೊಡಿ. ಇದಕ್ಕಾಗಿಯೇ ಇಸಿಲ್ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಅದರ ಸಂಖ್ಯೆ ಐಎಸ್‌ಒ 15511. ಕೋಡ್ ಹೆಚ್ಚೆಂದರೆ 16 ಅಕ್ಷರ, ಅದರ ಮೊದಲಲ್ಲಿ ಸಾಮಾನ್ಯವಾಗಿ ದೇಶದ ಸಂಕೇತ ಇರುತ್ತದೆ. ಗ್ರಂಥಾಲಯದ ಹೆಸರು ಬದಲಾಗಬಹುದು, ಕಟ್ಟಡ ಬದಲಾಗಬಹುದು. ಕೋಡ್ ಹಾಗೇ ಉಳಿಯಬೇಕು.

ಹಂತ 2: ದಾರಿ ಆರಿಸಿಕೊಳ್ಳುವುದು

ಇರುವುದು ಮೂರು ದಾರಿ. ಒಂದು, ಎಲ್ಲರೂ ಒಂದೇ ಸಾಫ್ಟ್‌ವೇರ್‌ನಲ್ಲಿ ಶಾಖೆಗಳಂತೆ ಕೂರುವುದು. ಒಂದೇ ಆಡಳಿತದ ಕೆಳಗಿರುವ ಗ್ರಂಥಾಲಯಗಳಿಗೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಕೋಹಾದಂಥ ಉಚಿತ ಗ್ರಂಥಾಲಯ ಸಾಫ್ಟ್‌ವೇರ್‌ನಲ್ಲಿ ಶಾಖೆ ಸೇರಿಸುತ್ತಾ ಹೋದರಾಯಿತು. ಆದರೆ ಬೇರೆ ಬೇರೆ ಸಂಸ್ಥೆಗಳು ಇದಕ್ಕೆ ಒಪ್ಪುವುದು ಅಪರೂಪ.

ಎರಡನೆಯದು ಫೆಡರೇಟೆಡ್ ಹುಡುಕಾಟ. ಓದುಗರು ಒಂದು ಪದ ಕೊಟ್ಟ ತಕ್ಷಣ ಅದು ಎಲ್ಲ ಸರ್ವರ್‌ಗಳಿಗೂ ಹೋಗುತ್ತದೆ, ಉತ್ತರಗಳು ಬಂದು ಒಂದೆಡೆ ಸೇರುತ್ತವೆ. ಡೇಟಾ ಎಲ್ಲೂ ನಕಲಾಗುವುದಿಲ್ಲ, ಹಾಗಾಗಿ ಯಾವಾಗಲೂ ತಾಜಾ. ಇದರ ಕಷ್ಟ ಅಂದರೆ, ಎಲ್ಲರಿಗಿಂತ ನಿಧಾನದ ಸರ್ವರ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಓದುಗರೂ ಅಷ್ಟು ಹೊತ್ತು ಕಾಯಬೇಕು. ಒಂದು ಕೆಟ್ಟು ನಿಂತರೆ ಅದರ ಪುಸ್ತಕಗಳು ಹೇಳದೆ ಕೇಳದೆ ಮಾಯವಾಗುತ್ತವೆ.

ಮೂರನೆಯದು ಯೂನಿಯನ್ ಕ್ಯಾಟಲಾಗ್. ಎಲ್ಲರ ರೆಕಾರ್ಡ್‌ಗಳನ್ನೂ ಒಂದು ಕೇಂದ್ರ ಸೂಚಿಗೆ ತಂದು ಅಲ್ಲಿ ಹುಡುಕುವುದು. ಹುಡುಕಾಟ ವೇಗವಾಗಿರುತ್ತದೆ, ಒಂದೇ ಪುಸ್ತಕದ ಹತ್ತು ರೆಕಾರ್ಡ್‌ಗಳನ್ನು ಒಂದು ಸಾಲಿಗೆ ತರಬಹುದು. ಆದರೆ ನಕಲು ಹಳತಾಗುತ್ತದೆ. ಅಚ್ಚಿನ ಕಾಲದಲ್ಲಿ ಇದು ಅತಿಯಾಗಿತ್ತು. ಅಮೆರಿಕದ ಗ್ರಂಥಾಲಯಗಳಲ್ಲಿದ್ದ 1956ಕ್ಕಿಂತ ಮೊದಲಿನ ಪುಸ್ತಕಗಳ ಯೂನಿಯನ್ ಕ್ಯಾಟಲಾಗ್ 754 ಸಂಪುಟಗಳಾಯಿತು, ಅಚ್ಚು ಮುಗಿಯುವ ಹೊತ್ತಿಗೆ 1981 ಬಂದಿತ್ತು.

ಯಾವುದು ಒಳ್ಳೆಯದು? ನಾಲ್ಕೈದು ಗ್ರಂಥಾಲಯಗಳಿದ್ದು, ಎಲ್ಲರ ಸರ್ವರ್ ಸದಾ ಚಾಲೂ ಇದ್ದರೆ ಎರಡನೆಯದು. ಅದಕ್ಕಿಂತ ಜಾಸ್ತಿ ಇದ್ದರೆ ಮೂರನೆಯದು, ಜೊತೆಗೆ ಪ್ರತಿಯ ಸ್ಥಿತಿಯನ್ನು ಮಾತ್ರ ಆ ಕ್ಷಣದಲ್ಲಿ ಮೂಲ ಸರ್ವರ್‌ನಿಂದಲೇ ಕೇಳಿ ತೋರಿಸುವುದು. ನನ್ನ ಒಲವು ಈ ಮಿಶ್ರ ದಾರಿಯ ಕಡೆಗೇ. ಮುಂದಿನದ್ದನ್ನು ಹೆಚ್ಚಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹಂತ 3: ಡೇಟಾ ತೊಳೆಯುವುದು

ಅರ್ಧಕ್ಕಿಂತ ಜಾಸ್ತಿ ಸಮಯ ಇಲ್ಲೇ ಹೋಗುತ್ತದೆ. ಹೋಗಲಿ, ಪರವಾಗಿಲ್ಲ.

ಪ್ರತಿ ಗ್ರಂಥಾಲಯದಿಂದ ಮೊದಲು ಐನೂರು ರೆಕಾರ್ಡ್‌ಗಳ ಮಾದರಿ ತರಿಸಿ. ಹಳೆಯವು, ಹೊಸವು, ಬಹು ಸಂಪುಟದವು, ಬೇರೆ ಬೇರೆ ಲಿಪಿಯವು, ಎಲ್ಲವೂ ಅದರಲ್ಲಿರಲಿ. ಅವನ್ನು ಮಾರ್ಕ್‌ಎಡಿಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಯಾವ ಫೀಲ್ಡ್ (ಶೀರ್ಷಿಕೆ, ಲೇಖಕರು ಹೀಗೆ ಒಂದೊಂದು ವಿವರಕ್ಕೂ ಮೀಸಲಾದ, ಸಂಖ್ಯೆ ಕೊಟ್ಟ ಜಾಗ) ಎಷ್ಟು ಸಲ ಬಂದಿದೆ ಎಂಬ ಲೆಕ್ಕವನ್ನು ಅದು ಕೊಡುತ್ತದೆ. ಆ ಒಂದು ವರದಿ ನೋಡಿದರೆ ಸಾಕು, ಆ ಗ್ರಂಥಾಲಯದಲ್ಲಿ ಕ್ಯಾಟಲಾಗಿಂಗ್ ಹೇಗೆ ನಡೆದಿದೆ ಎಂದು ತಿಳಿಯುತ್ತದೆ.

ಮೊದಲು ಅಕ್ಷರ ಸಂಕೇತ. ಎಲ್ಲವೂ ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಒಳಗೊಂಡ ಯೂನಿಕೋಡನ್ನು ಬರೆಯುವ ರೀತಿ) ಆಗಿರಬೇಕು. ಮಾರ್ಕ್ 21 ರೆಕಾರ್ಡಿನ ಲೀಡರ್‌ನಲ್ಲಿ, ಅಂದರೆ ಆರಂಭದ ಸಂಕೇತಗಳ ಸಾಲಿನಲ್ಲಿ, 9ನೇ ಸ್ಥಾನ ನೋಡಿ (ಎಣಿಕೆ ಸೊನ್ನೆಯಿಂದ ಶುರು). ಅಲ್ಲಿ ಇಂಗ್ಲಿಷ್‌ನ ಚಿಕ್ಕ 'ಎ' ಇದ್ದರೆ ಯೂನಿಕೋಡ್, ಖಾಲಿ ಇದ್ದರೆ ಮಾರ್ಕ್-8 ಎಂಬ ಹಳೆಯ ಅಕ್ಷರ ಸಂಕೇತ. ಕೆಲವು ಸಾಫ್ಟ್‌ವೇರ್‌ಗಳು ಒಳಗೆ ಯೂನಿಕೋಡ್ ತುಂಬಿ ಲೀಡರ್ ಖಾಲಿ ಬಿಡುತ್ತವೆ. ಆಗ ತೆಗೆದುಕೊಳ್ಳುವ ಸರ್ವರ್ ಅದನ್ನು ಮಾರ್ಕ್-8 ಎಂದು ತಿಳಿದು ಪರಿವರ್ತಿಸಿ ಎಲ್ಲ ಅಕ್ಷರ ಕೆಡಿಸುತ್ತದೆ. ಮಾರ್ಕ್-8ರಲ್ಲಿ ಕನ್ನಡವೂ ಇಲ್ಲ, ಭಾರತದ ಬೇರೆ ಲಿಪಿಗಳೂ ಇಲ್ಲ. ಹಾಗಾಗಿ ಹಳೆಯ ರೆಕಾರ್ಡ್‌ಗಳಲ್ಲಿ ಶೀರ್ಷಿಕೆ ರೋಮನ್ ಅಕ್ಷರದಲ್ಲಿರುತ್ತದೆ, ಹೊಸದರಲ್ಲಿ ಮೂಲ ಲಿಪಿಯಲ್ಲಿ. ಎರಡನ್ನೂ ಒಂದೇ ರೆಕಾರ್ಡಿನಲ್ಲಿಡಲು 880 ಫೀಲ್ಡ್ ಇದೆ. ಹುಡುಕುವಾಗ ಎರಡೂ ಸಿಗುವಂತೆ 880 ಕೂಡ ಸೂಚಿಗೆ ಸೇರಲಿ.

ಕನ್ನಡದ ರೆಕಾರ್ಡ್‌ಗಳಿದ್ದರೆ ಇನ್ನೊಂದು ಸೂಕ್ಷ್ಮವಿದೆ. 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ. ಅದಕ್ಕೇ ಎಲ್ಲ ರೆಕಾರ್ಡನ್ನೂ ಎನ್‌ಎಫ್‌ಸಿ ಎಂಬ ಸಾಮಾನ್ಯ ರೂಪಕ್ಕೆ ತನ್ನಿ. ಅರ್ಧಾಕ್ಷರ ಬಿಡಿಸಲು ಬಳಸುವ ಕಾಣದ ಅಕ್ಷರಗಳು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ಹೋಲಿಕೆ ಮಾಡುವಾಗ ಅವನ್ನು ಬೇರೆಯಾಗಿ ತೆಗೆದುಹಾಕಬೇಕು.

ಎರಡನೆಯದು ರೆಕಾರ್ಡಿನ ಗಾತ್ರ. ಮಾರ್ಕ್ ಕಡತ ಸಾಗಿಸುವ ಹಳೆಯ ಐಎಸ್‌ಒ 2709 ರೂಪದಲ್ಲಿ ರೆಕಾರ್ಡಿನ ಉದ್ದಕ್ಕೆ ಮೀಸಲಿರುವುದು ಐದು ಅಂಕಿ, ಫೀಲ್ಡಿನ ಉದ್ದಕ್ಕೆ ನಾಲ್ಕು ಅಂಕಿ ಮಾತ್ರ. ಅಂದರೆ ಒಂದು ರೆಕಾರ್ಡ್ 99,999 ಬೈಟ್ ಮೀರುವಂತಿಲ್ಲ, ಒಂದು ಫೀಲ್ಡ್ 9,999 ಬೈಟ್ ಮೀರುವಂತಿಲ್ಲ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ. ನೂರಾರು ಸಂಚಿಕೆಗಳಿರುವ ನಿಯತಕಾಲಿಕದ ರೆಕಾರ್ಡ್ ಈ ಮಿತಿಯನ್ನು ಸುಲಭವಾಗಿ ದಾಟಿ, ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಅದೇ ಮಾರ್ಕ್ ರೆಕಾರ್ಡನ್ನು ಎಕ್ಸ್‌ಎಂಎಲ್ ಪಠ್ಯವಾಗಿ ಬರೆಯುವ ಮಾರ್ಕ್‌ಎಕ್ಸ್‌ಎಂಎಲ್‌ನಲ್ಲಿ ಈ ಮಿತಿ ಇಲ್ಲ. ಅದನ್ನೇ ಬಳಸಿ.

ಮೂರನೆಯದು ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ. 2007ರಿಂದ ಅದು 13 ಅಂಕಿಯದಾಯಿತು. ಒಂದು ಗ್ರಂಥಾಲಯದಲ್ಲಿ ಹಳೆಯ 10 ಅಂಕಿ, ಇನ್ನೊಂದರಲ್ಲಿ 13 ಇದ್ದರೆ ಒಂದೇ ಪುಸ್ತಕ ಎರಡಾಗಿ ಕಾಣುತ್ತದೆ. ಹಳೆಯದರ ಮೊದಲಲ್ಲಿ 978 ಸೇರಿಸಿದರೆ ಮುಗಿಯಲಿಲ್ಲ, ಕೊನೆಯ ತಾಳೆ ಅಂಕಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು. 0-306-40615-2 ಎಂಬುದು 978-0-306-40615-7 ಆಗುತ್ತದೆ, ಕೊನೆಯಲ್ಲಿ 2 ಹೋಗಿ 7 ಬಂದಿದೆ ನೋಡಿ. ಗೆರೆ, ಖಾಲಿ ಜಾಗ ಎಲ್ಲ ತೆಗೆಯಿರಿ. ತಪ್ಪು ಐಎಸ್‌ಬಿಎನ್ ಅಳಿಸಬೇಡಿ, ಐಎಸ್‌ಬಿಎನ್‌ಗಿರುವ 020 ಫೀಲ್ಡಿನ 'ಝಡ್' ಸಬ್‌ಫೀಲ್ಡಿಗೆ (ಒಳಭಾಗಕ್ಕೆ) ಹಾಕಿ. ಪುಸ್ತಕದ ಮೇಲೆ ಅಚ್ಚಾಗಿರುವುದೇ ಆ ತಪ್ಪು ಸಂಖ್ಯೆಯಾದರೆ ಓದುಗರು ಹುಡುಕುವುದೂ ಅದನ್ನೇ ಅಲ್ವಾ?

ಆಮೇಲೆ ಗುರುತಿನ ಸಂಖ್ಯೆ. 001 ಫೀಲ್ಡಿನಲ್ಲಿ ಆಯಾ ಗ್ರಂಥಾಲಯದ ರೆಕಾರ್ಡ್ ಸಂಖ್ಯೆ, 003ರಲ್ಲಿ ಗ್ರಂಥಾಲಯದ ಕೋಡ್ ಇರಲಿ. ಕೇಂದ್ರಕ್ಕೆ ಬಂದಾಗ ಎರಡನ್ನೂ ಸೇರಿಸಿ 035ರಲ್ಲಿ ಇಡಿ. ಎಲ್ಲರ ಹತ್ತಿರವೂ 1, 2, 3 ಎಂದು ಶುರುವಾಗುವ ಸಂಖ್ಯೆಗಳಿರುತ್ತವೆ, ಕೋಡ್ ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ.

ಒಂದೇ ಪುಸ್ತಕದ ರೆಕಾರ್ಡ್‌ಗಳನ್ನು ಹೊಂದಿಸುವಾಗ ಐಎಸ್‌ಬಿಎನ್ ಒಂದನ್ನೇ ನಂಬಬೇಡಿ. ಐದು ಸಂಪುಟಕ್ಕೂ ಒಂದೇ ಸಂಖ್ಯೆ ಇರಬಹುದು, ಪ್ರಕಾಶಕರು ಹಳೆಯ ಸಂಖ್ಯೆಯನ್ನೇ ಹೊಸ ಪುಸ್ತಕಕ್ಕೆ ಹಾಕಿರಬಹುದು. ಐಎಸ್‌ಬಿಎನ್ ಜೊತೆಗೆ 245ರ ಶೀರ್ಷಿಕೆಯ ಮೊದಲ ಕೆಲವು ಪದಗಳೂ ಹೊಂದಬೇಕು ಎಂದು ನಿಯಮ ಮಾಡಿ. ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳಿಗೆ ಶೀರ್ಷಿಕೆ, ಲೇಖಕರು, ವರ್ಷ, ಪುಟ ಸಂಖ್ಯೆ ನಾಲ್ಕನ್ನೂ ನೋಡಿ. ಮತ್ತೆ, ಹೊಂದಿದವನ್ನು ಬೆರೆಸಿ ಒಂದೇ ರೆಕಾರ್ಡ್ ಮಾಡಬೇಡಿ. ಮೂಲ ರೆಕಾರ್ಡ್‌ಗಳು ಹಾಗೇ ಇರಲಿ, ಗುಂಪಿಗೆ ಒಂದು ಸಂಖ್ಯೆ ಕೊಟ್ಟು ಪರದೆಯಲ್ಲಿ ಮಾತ್ರ ಒಂದಾಗಿ ತೋರಿಸಿ. ಹೊಂದಾಣಿಕೆ ತಪ್ಪಾದರೆ ಬಿಡಿಸಬಹುದು. ಬೆರೆಸಿಬಿಟ್ಟರೆ ಬಿಡಿಸಲು ಆಗುವುದಿಲ್ಲ. ಅನುಮಾನ ಬಂದಲ್ಲಿ ಬೇರೆ ಬೇರೆಯಾಗಿಯೇ ಬಿಡಿ. ಒಂದೇ ಪುಸ್ತಕ ಎರಡು ಸಾಲಿನಲ್ಲಿ ಕಂಡರೆ ಓದುಗರಿಗೆ ತುಸು ಕಿರಿಕಿರಿ, ಅಷ್ಟೇ. ಎರಡನೇ ಸಂಪುಟ ಕೇಳಿದವರಿಗೆ ನಾಲ್ಕನೆಯದು ಹೋದರೆ ಒಂದು ಸಾಗಣೆಯೇ ದಂಡ.

ಕೊನೆಯದಾಗಿ ಪ್ರತಿಗಳ ಮಾಹಿತಿ. ಕೋಹಾದಲ್ಲಿ ಇದು 952 ಫೀಲ್ಡ್. ಬಾರ್‌ಕೋಡ್, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ), ಶಾಖೆ, ಕಳೆದುಹೋಗಿದೆಯೇ, ಎರವಲಿಗೆ ಇಲ್ಲವೇ, ಎಲ್ಲವೂ ಇಲ್ಲಿರುತ್ತದೆ. ಬೇರೆ ಸಾಫ್ಟ್‌ವೇರ್‌ಗಳು ಬೇರೆ ಫೀಲ್ಡ್ ಬಳಸುತ್ತವೆ, ಸಂಕೇತಗಳೂ ಬೇರೆ. ಎಲ್ಲವನ್ನೂ ನಾಲ್ಕೇ ಸ್ಥಿತಿಗೆ ಇಳಿಸಿ: ಎರವಲಿಗೆ ಲಭ್ಯ, ಹೊರಗೆ ಹೋಗಿದೆ, ಒಳಗೆ ಕೂತು ಓದಲು ಮಾತ್ರ, ಸಿಗುವುದಿಲ್ಲ. ಹಂತ 1ರಲ್ಲಿ ಬರೆದ ಒಪ್ಪಂದ ಇಲ್ಲಿ ನೇರವಾಗಿ ಕೋಷ್ಟಕವಾಗುತ್ತದೆ.

ಹಂತ 4: ಸರ್ವರ್‌ಗಳನ್ನು ಮಾತಾಡಿಸುವುದು

ಫೆಡರೇಟೆಡ್ ಹುಡುಕಾಟಕ್ಕೆ ಎರಡು ನಿಯಮಾವಳಿಗಳಿವೆ. ಝಡ್39.50 ಹಳೆಯದು, 1988ರಲ್ಲಿ ಮೊದಲು ಮಾನದಂಡವಾಯಿತು. ಹೆಚ್ಚಿನ ಗ್ರಂಥಾಲಯ ಸಾಫ್ಟ್‌ವೇರ್‌ಗಳಿಗೆ ಇದು ಗೊತ್ತು. ಎಸ್‌ಆರ್‌ಯು ಅದರದೇ ಹೊಸ ರೂಪ, ಸಾಮಾನ್ಯ ವೆಬ್ ವಿಳಾಸದ ಮೂಲಕವೇ ಕೆಲಸ ಮಾಡುತ್ತದೆ. ಎರಡೂ ಇದ್ದರೆ ಎಸ್‌ಆರ್‌ಯು ಆರಿಸಿ. ಫೈರ್‌ವಾಲ್ ಜೊತೆ ಜಗಳ ಕಡಿಮೆ.

ಝಡ್39.50 ಬಳಸುವುದಾದರೆ ಪ್ರತಿ ಗ್ರಂಥಾಲಯದಿಂದ ನಾಲ್ಕು ವಿವರ ಬೇಕು: ಸರ್ವರ್ ವಿಳಾಸ, ಪೋರ್ಟ್, ಡೇಟಾಬೇಸ್ ಹೆಸರು, ರೆಕಾರ್ಡ್ ರೂಪ. ಇದಕ್ಕೆ ಮೀಸಲಾದ ಪೋರ್ಟ್ 210, ಆದರೆ ಹಲವರು ಬೇರೆ ಸಂಖ್ಯೆ ಇಟ್ಟುಕೊಂಡಿರುತ್ತಾರೆ. ಆ ಪೋರ್ಟನ್ನು ಜಗತ್ತಿಗೆಲ್ಲ ತೆರೆಯಬೇಡಿ, ಜೊತೆಗಾರ ಸರ್ವರ್‌ಗಳ ವಿಳಾಸಕ್ಕೆ ಮಾತ್ರ ತೆರೆಯಿರಿ. ಜೋಡಿಸುವ ಮೊದಲು ಇಂಡೆಕ್ಸ್ ಡೇಟಾ ಕಂಪನಿಯ ಯಾಜ್ ಕ್ಲೈಂಟ್ ಎಂಬ ಉಚಿತ ಉಪಕರಣದಿಂದ ಪರೀಕ್ಷೆ ಮಾಡಿ. ಸಮಸ್ಯೆ ನೆಟ್‌ವರ್ಕಿನದೋ, ಸಾಫ್ಟ್‌ವೇರಿನದೋ ಅಲ್ಲೇ ಗೊತ್ತಾಗುತ್ತದೆ.

ಹುಡುಕಾಟದ ಬಗೆಗಳಿಗೆ ಇದರಲ್ಲಿ ಸಂಖ್ಯೆಗಳಿವೆ. 4 ಅಂದರೆ ಶೀರ್ಷಿಕೆ, 1003 ಲೇಖಕರು, 7 ಐಎಸ್‌ಬಿಎನ್, 8 ಐಎಸ್‌ಎಸ್‌ಎನ್ (ನಿಯತಕಾಲಿಕದ ಸಂಖ್ಯೆ), 21 ವಿಷಯ, 1016 ಎಲ್ಲಿದ್ದರೂ ಸರಿ. ಗೊಂದಲ ಆಗುವುದು ಇಲ್ಲಿ. ಶೀರ್ಷಿಕೆಯಲ್ಲಿ 'ಸಮುದ್ರ' ಹುಡುಕಿದರೆ ಒಂದು ಸರ್ವರ್ ಅದನ್ನು ಬಿಡಿ ಪದವಾಗಿ ನೋಡುತ್ತದೆ, ಇನ್ನೊಂದು ಶೀರ್ಷಿಕೆ ಅದರಿಂದಲೇ ಶುರುವಾಗಬೇಕು ಅಂದುಕೊಳ್ಳುತ್ತದೆ. ಅಲ್ಲಿ ನೂರು ಉತ್ತರ, ಇಲ್ಲಿ ಸೊನ್ನೆ. ಹಾಗಾಗಿ ಪದವೋ ವಾಕ್ಯಭಾಗವೋ ಎಂದು ಕೋರಿಕೆಯಲ್ಲೇ ಸ್ಪಷ್ಟವಾಗಿ ಕಳಿಸಿ. ನಿಮಗೆ ಗೊತ್ತಿರುವ ಇಪ್ಪತ್ತು ಪುಸ್ತಕಗಳ ಪಟ್ಟಿ ಹಿಡಿದು ಪ್ರತಿ ಸರ್ವರ್‌ನಲ್ಲೂ ನಾಲ್ಕು ಬಗೆಯಲ್ಲಿ ಹುಡುಕಿ ನೋಡಿ.

ಯೂನಿಯನ್ ಕ್ಯಾಟಲಾಗ್ ಆದರೆ, ರೆಕಾರ್ಡ್‌ಗಳನ್ನು ತರಿಸಿಕೊಳ್ಳುವ ಓಎಐ-ಪಿಎಂಎಚ್ ಎಂಬ ನಿಯಮಾವಳಿ ಬಳಸಿ. ಇದರ ಈಗಿನ 2.0 ಆವೃತ್ತಿ 2002ರದ್ದು. ಕೇಂದ್ರ ಸರ್ವರ್ ಪ್ರತಿ ಗ್ರಂಥಾಲಯಕ್ಕೂ ಹೋಗಿ "ಹೋದ ಸಲದಿಂದ ಈಚೆಗೆ ಬದಲಾದದ್ದು ಕೊಡು" ಅನ್ನುತ್ತದೆ. ಕೋಹಾದಲ್ಲಿ ಇದನ್ನು ಸೆಟ್ಟಿಂಗ್‌ನಲ್ಲೇ ಚಾಲೂ ಮಾಡಬಹುದು. ಎರಡು ವಿಷಯ ಗಮನಿಸಿ. ಡಬ್ಲಿನ್ ಕೋರ್ ಎಂಬ ಸರಳ ವಿವರಗಳ ರೂಪ ಎಲ್ಲರೂ ಕೊಡಲೇಬೇಕು, ಆದರೆ ಅದರಲ್ಲಿ ಪ್ರತಿಗಳ ವಿವರ ಬರುವುದಿಲ್ಲ. ಮಾರ್ಕ್‌ಎಕ್ಸ್‌ಎಂಎಲ್ ಕೇಳಿ, ಪ್ರತಿಗಳೂ ಸೇರಿ ಬರುವಂತೆ ಮಾಡಿಸಿ. ಇನ್ನೊಂದು, ಅಳಿಸಿದ ರೆಕಾರ್ಡ್‌ಗಳ ಸುದ್ದಿಯನ್ನು ಅವರ ಸರ್ವರ್ ಹೇಳುತ್ತದೆಯೇ ನೋಡಿ. ಸರ್ವರ್ ತನ್ನ ಪರಿಚಯ ಹೇಳುವಾಗಲೇ ಇದನ್ನೂ ತಿಳಿಸುತ್ತದೆ: ಇಲ್ಲ, ಸ್ವಲ್ಪ ಕಾಲ, ಶಾಶ್ವತ ಎಂದು ಮೂರು ಉತ್ತರಗಳು. 'ಇಲ್ಲ' ಅಂದವರ ರೆಕಾರ್ಡ್‌ಗಳನ್ನು ಆಗಾಗ ಪೂರ್ತಿಯಾಗಿ ಹೊಸದಾಗಿ ತರಬೇಕಾಗುತ್ತದೆ.

ತಂದದ್ದನ್ನು ಓದುಗರಿಗೆ ತೋರಿಸಲು ವುಫೈಂಡ್ ಚೆನ್ನಾಗಿದೆ. ವಿಲನೋವಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಮುಕ್ತ ತಂತ್ರಾಂಶ ಅದು. ಹಲವು ಮೂಲಗಳಿಂದ ರೆಕಾರ್ಡ್ ತಂದು ಹೊಂದಿಸಲು ಫಿನ್‌ಲ್ಯಾಂಡಿನ ರಾಷ್ಟ್ರೀಯ ಗ್ರಂಥಾಲಯ ರೆಕಾರ್ಡ್‌ಮ್ಯಾನೇಜರ್ ಎಂಬ ಮುಕ್ತ ತಂತ್ರಾಂಶ ಮಾಡಿದೆ, ಅದು ವುಫೈಂಡ್ ಜೊತೆ ಕೆಲಸ ಮಾಡುತ್ತದೆ.

ಹಂತ 5: ಪುಸ್ತಕ ಈಗ ಕಪಾಟಿನಲ್ಲಿದೆಯೇ?

ರಾತ್ರಿ ತಂದ ಡೇಟಾ ಬೆಳಗ್ಗೆ ಹನ್ನೊಂದಕ್ಕೆ ಹಳತು. ಅಷ್ಟರಲ್ಲಿ ಪುಸ್ತಕವನ್ನು ಯಾರೋ ಒಯ್ದಿರುತ್ತಾರೆ. ಹಾಗಾಗಿ ಓದುಗರು ಒಂದು ಪುಸ್ತಕದ ಪುಟ ತೆರೆದಾಗ, ಆ ಒಂದು ಪುಸ್ತಕದ ಸ್ಥಿತಿಯನ್ನು ಮಾತ್ರ ಮೂಲ ಸರ್ವರ್‌ಗೆ ಕೇಳಿ. ಕೋಹಾದಲ್ಲಿ ಇದಕ್ಕೆ ಐಎಲ್‌ಎಸ್-ಡಿಐ ಎಂಬ ಸೇವೆಯಿದೆ. ಎನ್‌ಸಿಐಪಿ ಅಥವಾ ಸಿಪ್2 ಎಂಬ ಎರವಲು ಮಾಹಿತಿಯ ನಿಯಮಾವಳಿಗಳ ಮೂಲಕವೂ ಆಗುತ್ತದೆ. ಸಿಪ್2 ಮೊದಲು ಸ್ವಯಂ ಎರವಲು ಯಂತ್ರಗಳಿಗಾಗಿ ಬಂದದ್ದು, ಅದರಲ್ಲಿ ಎಲ್ಲವೂ ತೆರೆದ ಪಠ್ಯವಾಗಿ ಹೋಗುತ್ತದೆ, ಪಾಸ್‌ವರ್ಡ್ ಕೂಡ. ಮಾಹಿತಿಯನ್ನು ಗೂಢವಾಗಿಸಿ ಕಳಿಸುವ ವಿಪಿಎನ್ ಅಥವಾ ಟಿಎಲ್‌ಎಸ್ ಸುರಂಗವಿಲ್ಲದೆ ಅದನ್ನು ಕಟ್ಟಡದಿಂದ ಹೊರಗೆ ಬಿಡಬೇಡಿ. ಸರ್ವರ್ ಮೂರು ಸೆಕೆಂಡಿನಲ್ಲಿ ಉತ್ತರಿಸದಿದ್ದರೆ "ಸ್ಥಿತಿ ತಿಳಿದಿಲ್ಲ, ಕೇಳಿ ನೋಡಿ" ಎಂದು ತೋರಿಸಿ. 'ಲಭ್ಯ' ಎಂದು ಊಹಿಸಿ ತೋರಿಸಬೇಡಿ.

ಹಂತ 6: ಕೋರಿಕೆ, ಸಾಗಣೆ, ವಾಪಸಾತಿ

ಅಂತರ ಗ್ರಂಥಾಲಯ ಎರವಲಿನಲ್ಲಿ ಸಾಲ ಪಡೆಯುವವರು ಓದುಗರಲ್ಲ, ಗ್ರಂಥಾಲಯ. ಇದನ್ನು ಮೊದಲೇ ಸ್ಪಷ್ಟ ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಕೊಡುವ ಗ್ರಂಥಾಲಯ ತನ್ನ ಸಾಫ್ಟ್‌ವೇರ್‌ನಲ್ಲಿ ಜೊತೆಗಾರ ಗ್ರಂಥಾಲಯವನ್ನೇ ಒಬ್ಬ ಸದಸ್ಯನಂತೆ ಸೇರಿಸಿಕೊಂಡು, ಪುಸ್ತಕವನ್ನು ಆ ಖಾತೆಗೆ ಹಾಕುತ್ತದೆ. ಓದುಗರ ಹೆಸರು, ಫೋನ್ ನಂಬರ್ ಆಚೆಗೆ ಹೋಗುವ ಅಗತ್ಯವೇ ಇಲ್ಲ. ಯಾರು ಏನು ಓದುತ್ತಾರೆ ಅನ್ನುವುದು ಅವರ ಸ್ವಂತ ವಿಷಯ.

ತಿಂಗಳಿಗೆ ಹತ್ತಿಪ್ಪತ್ತು ಕೋರಿಕೆ ಬರುವಲ್ಲಿ ದೊಡ್ಡ ವ್ಯವಸ್ಥೆ ಬೇಡ. ಕೋಹಾದ ಅಂತರ ಗ್ರಂಥಾಲಯ ಎರವಲು ವಿಭಾಗದಿಂದ ಜೊತೆಗಾರರಿಗೆ ಇಮೇಲ್ ಹೋದರೆ ಸಾಕು. ಸಂಖ್ಯೆ ಬೆಳೆದರೆ ಐಎಸ್‌ಒ 18626 ನೋಡಿ. 2014ರಲ್ಲಿ ಬಂದ ಇದು ಹಿಂದಿನ 10160 ಮತ್ತು 10161 ಮಾನದಂಡಗಳಿಗಿಂತ ಎಷ್ಟೋ ಸರಳ. ಮುಖ್ಯ ಸಂದೇಶಗಳು ಮೂರೇ: ಕೇಳುವವರ ಕೋರಿಕೆ, ಕೊಡುವವರ ಮಾತು, ಕೇಳಿದವರ ಮುಂದಿನ ಮಾತು.

ಕೋರಿಕೆ ಒಂದೇ ಗ್ರಂಥಾಲಯಕ್ಕೆ ಮತ್ತೆ ಮತ್ತೆ ಹೋಗದಂತೆ ಸರದಿ ಇಡಿ. ಪಟ್ಟಿಯಲ್ಲಿ ಮೊದಲು ಬರುವ ಗ್ರಂಥಾಲಯವೇ ಎಲ್ಲ ಹೊರೆ ಹೊತ್ತು, ಆಮೇಲೆ ಬೇಸತ್ತು ಕೂಟದಿಂದ ಹೊರಗೆ ಹೋಗುತ್ತದೆ. ಒಬ್ಬರು ಇಲ್ಲ ಅಂದರೆ ಅಥವಾ ಹೇಳಿದ ದಿನದೊಳಗೆ ಉತ್ತರಿಸದಿದ್ದರೆ ಕೋರಿಕೆ ತಾನಾಗಿಯೇ ಮುಂದಿನವರಿಗೆ ಹೋಗಲಿ. ಪುಸ್ತಕದ ಜೊತೆ ಒಂದು ಚೀಟಿ ಇರಲಿ: ಎಲ್ಲಿಂದ, ಎಲ್ಲಿಗೆ, ಕೋರಿಕೆ ಸಂಖ್ಯೆ, ಹಿಂತಿರುಗಿಸುವ ದಿನ. ಪಡೆದ ಗ್ರಂಥಾಲಯ ಮೂಲ ಬಾರ್‌ಕೋಡ್ ಮೇಲೆ ತನ್ನದನ್ನು ಅಂಟಿಸಬಾರದು, ಚೀಟಿಯ ಮೇಲೆ ತಾತ್ಕಾಲಿಕ ಬಾರ್‌ಕೋಡ್ ಇದ್ದರೆ ಸಾಕು.

ಹಂತ 7: ಪ್ರಯೋಗ, ಆಮೇಲೆ ನಿರ್ವಹಣೆ

ಎರಡೇ ಗ್ರಂಥಾಲಯಗಳಿಂದ ಶುರು ಮಾಡಿ, ಅವು ಬೇರೆ ಬೇರೆ ಸಾಫ್ಟ್‌ವೇರ್ ಬಳಸುವಂಥವಾಗಿರಲಿ. ಒಂದೇ ಸಾಫ್ಟ್‌ವೇರ್‌ನ ಎರಡನ್ನು ಜೋಡಿಸಿದರೆ ನಿಜವಾದ ತೊಂದರೆಗಳು ಕಾಣುವುದೇ ಇಲ್ಲ. ಸಿಬ್ಬಂದಿಯೇ ಓದುಗರಂತೆ ಕೆಲವು ಪುಸ್ತಕ ಕೇಳಿ, ತರಿಸಿ, ವಾಪಸು ಕಳಿಸಿ ನೋಡಲಿ. ಎಲ್ಲ ಕೋರಿಕೆಗಳಲ್ಲಿ ಎಷ್ಟಕ್ಕೆ ಪುಸ್ತಕ ಬಂತು, ಬಾರದಿದ್ದರೆ ಯಾಕೆ, ಬರಲು ಎಷ್ಟು ದಿನ ಹಿಡಿಯಿತು, ಈ ಮೂರನ್ನು ಬರೆದಿಡಿ. ಹುಡುಕಾಟಗಳ ಸಂಖ್ಯೆ ವರದಿಗೆ ಚೆಂದ, ಅದರಿಂದ ಕೆಲಸಕ್ಕೆ ಬರುವುದು ಕಡಿಮೆ. 'ಲಭ್ಯ' ಎಂದು ತೋರಿಸಿ ಆಮೇಲೆ ಸಿಗದೆ ಹೋದ ಪುಸ್ತಕಗಳನ್ನು ಒಂದೊಂದಾಗಿ ಹಿಂಬಾಲಿಸಿ. ಹೆಚ್ಚಿನವು ವರ್ಷಗಳಿಂದ ಕಪಾಟಿನಲ್ಲೇ ಇಲ್ಲದವು, ದಾಸ್ತಾನು ಪರಿಶೀಲನೆಯಲ್ಲಿ ಕೈತಪ್ಪಿದವು.

ದಿನವೂ ಬೆಳಗ್ಗೆ ಯಾವ ಸರ್ವರ್‌ನಿಂದ ರೆಕಾರ್ಡ್ ಬರಲಿಲ್ಲ ಎಂಬ ಸುದ್ದಿ ಒಬ್ಬರಿಗೆ ಇಮೇಲ್ ಆಗಿ ಹೋಗಲಿ, ಅವರು ರಜೆ ಹಾಕಿದರೆ ಯಾರಿಗೆ ಅನ್ನುವುದೂ ಬರೆದಿರಲಿ. ಯಾವುದೇ ಗ್ರಂಥಾಲಯ ಸಾಫ್ಟ್‌ವೇರ್ ಬದಲಿಸುವ ಅಥವಾ ಅಪ್‌ಗ್ರೇಡ್ ಮಾಡುವ ಮೊದಲು ಉಳಿದವರಿಗೆ ತಿಳಿಸಬೇಕು ಎಂದು ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ. ಬದಲಿಸುವಾಗ ಹಳೆಯ 001 ಸಂಖ್ಯೆಗಳನ್ನು 035ರಲ್ಲಿ ಉಳಿಸಿಕೊಳ್ಳಲು ಹೇಳಿ. ಇಲ್ಲದಿದ್ದರೆ ಅವರ ಎಲ್ಲ ರೆಕಾರ್ಡ್‌ಗಳೂ ಕೇಂದ್ರದಲ್ಲಿ ಎರಡೆರಡಾಗುತ್ತವೆ, ಹಳೆಯ ಅರ್ಧಕ್ಕೆ ಕೋರಿಕೆ ಕಳಿಸಿದರೆ ಉತ್ತರ ಕೊಡುವವರೇ ಇರುವುದಿಲ್ಲ. ಹಾಗಾದರೆ ಆ ಗ್ರಂಥಾಲಯದ ರೆಕಾರ್ಡ್‌ಗಳನ್ನೆಲ್ಲ ಕೇಂದ್ರದಿಂದ ತೆಗೆದು, ಮೊದಲಿನಿಂದ ತಂದು, ಗುಂಪುಗಳನ್ನು ಮತ್ತೆ ಹೊಂದಿಸಿ. ಕೇಂದ್ರದಲ್ಲಿ ಪ್ರತಿ ಗ್ರಂಥಾಲಯದ ರೆಕಾರ್ಡ್‌ಗಳನ್ನೂ ಬೇರೆ ಬೇರೆಯಾಗಿ ಇಟ್ಟಿದ್ದರೆ ಇದು ಒಂದು ರಾತ್ರಿಯ ಕೆಲಸ.